ಮೂರು ತಾಲೂಕಿನ ಹಂಡೆಗಳಲ್ಲಿ ಮಿಂದ ಮಾವ

ನಮ್ಮ ಮಾವನಷ್ಟು ಮನೆಗಳ ಬಚ್ಚಲಲ್ಲಿ ಮಿಂದು ಬಂದ ಇನ್ನೊಬ್ಬ ಮನುಷ್ಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಇದ್ದರೆ ತೋರಿಸಿ, ಅವನಿಗೆ ಜೀವನಪೂರ್ತಿ ಸೋಪು ನಾನು ಕೊಡಿಸುತ್ತೇನೆ! ಮನೆಯಲ್ಲಿ ನೀರಿಲ್ಲದ ಬಡಪಾಯಿ ಎಂದುಕೊಂಡಿರಾ? ಅವರ ಬಾವಿ ಬೇಸಿಗೆಯಲ್ಲೂ ಬತ್ತುವುದಿಲ್ಲ. ಮಾವನಿಗೆ ಬೇಕಾದದ್ದು ಬರೀ ನೀರಲ್ಲ, ಹಂಡೆಯ ನೀರು. ಹೊರಗೆ ಮಸಿ ಹಿಡಿದು ಒಳಗೆ ಹೊಳೆಯುವ ತಾಮ್ರದ ಹಂಡೆ, ಅದರ ಅಡಿಯಲ್ಲಿ ಬೆಂಕಿ, ಕೈಯಲ್ಲೊಂದು ಚೆಂಬು. ಇಷ್ಟಿದ್ದರೆ ಅವರಿಗೆ ಸ್ವರ್ಗದ ಅರ್ಜಿಯೂ ಬೇಡ.

ಇನ್ನು ಅಸಲು ವಿಷಯ ಹೇಳುತ್ತೇನೆ, ನಗಬಾರದು. ಮಾವನ ಉದ್ಯೋಗ ಗೀಸರ್ ಮಾರುವುದು! ಬಿ.ಸಿ. ರೋಡಿನಲ್ಲಿ ಅಂಗಡಿ. ಗೀಸರ್, ಸೋಲಾರ್ ಹೀಟರ್, ಪೈಪು, ನಲ್ಲಿ ಎಲ್ಲವೂ ಉಂಟು. "ಇದೆಂಥ ಮಾವ, ನಿಮಗೇ ನಂಬಿಕೆ ಇಲ್ಲದ್ದನ್ನು ಊರಿಗೆಲ್ಲ ಮಾರ್ತೀರಲ್ಲ?" ಎಂದು ಒಮ್ಮೆ ಕೇಳಿದ್ದೆ. "ನಂಬಿಕೆ ಇಲ್ಲ ಅಂತ ಯಾರು ಹೇಳಿದ್ದು? ವ್ಯಾಪಾರ ಬೇರೆ, ಮೀಯುವುದು ಬೇರೆ ಮಾರಾಯ್ತಿ!" ಎಂದು ಬಾಯಿ ಮುಚ್ಚಿಸಿದರು.

ಇಂಥ ಮಾವನನ್ನು ಕಳೆದ ತಿಂಗಳು ಗೀಸರ್ ಹಾಕಿಸಲು ಬೆಳುವಾಯಿಯ ನಮ್ಮ ಮನೆಗೆ ನಾನೇ ಕರೆಯಬೇಕಾಯಿತು. ನನ್ನ ಅಮ್ಮ, ಅಂದರೆ ಮಾವನ ಅಕ್ಕ, ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬಂದ ಮೇಲೆ ಅಮ್ಮನಿಗೆ ಯಾವುದೂ ಬೇಡವಾಯಿತು. ಚಾ ಕೊಟ್ಟರೆ ಎರಡು ಗುಟುಕಿಗೆ "ಸಾಕು." ಟಿ.ವಿ. ಹಾಕಿದರೆ "ಸಾಕು." ಮೊಮ್ಮಗಳು ಹತ್ತಿರ ಕೂತು ಮಾತಾಡಿದರೂ "ಸಾಕು." ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಹೆಂಗಸು! "ಮೂಳೆ ಕೂಡಿದೆ, ಇನ್ನು ಅವರಿಗೇ ಏಳಬೇಕು ಅಂತ ಅನ್ನಿಸಬೇಕು" ಎಂದರು ಡಾಕ್ಟರು. ಆ ಅನ್ನಿಸುವಿಕೆಯನ್ನು ಯಾವ ಮೆಡಿಕಲ್ ಅಂಗಡಿಯಲ್ಲಿ ಕೇಳುವುದು? ನಾನು ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಅವಳ ಮೈ ಒರೆಸಿ, ಓಡಿ ಹೋಗಿ ಮೂಡುಬಿದಿರೆಯ ಬಸ್ಸು ಹಿಡಿದು, ಕಾಲೇಜಿನಲ್ಲಿ ಪಾಠ ಮಾಡುತ್ತ, ಮಧ್ಯೆ ಮಧ್ಯೆ ಮನೆಗೆ ಫೋನ್ ಮಾಡುತ್ತಿದ್ದೆ. ಕುರ್ಚಿಯಲ್ಲಿ ಕೂರಿಸಿ ಮೀಯಿಸಬಹುದು ಎಂದು ಡಾಕ್ಟರು ಹೇಳಿದ ದಿನವೇ, ಒಳಗಿನ ಬಾತ್‌ರೂಮಿಗೆ ಗೀಸರ್ ಬೇಕೆಂದು ಮಾವನಿಗೆ ಹೇಳಿದೆ.

ಹೇಳಿದ ಮೇಲೆ, ಯಾಕಾದರೂ ಹೇಳಿದೆನೋ ಅನ್ನಿಸಿತು! ಏಕೆಂದರೆ ಈ ಮಾವ ಗೀಸರ್ ಹಾಕಲು ಹೋದ ಮನೆಗಳ ಕಥೆ ನನಗೆ ಗೊತ್ತಿತ್ತು.

ಒಮ್ಮೆ ವೇಣೂರಿನ ಹತ್ತಿರ ಒಂದು ಮನೆಗೆ ಹೋದರು. ಅಲ್ಲಿ ಹಳೆಯ ಹಂಡೆ ಕಂಡದ್ದೇ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಇದನ್ನು ಎಂತ ಮಾಡ್ತೀರಿ?"

"ಗುಜರಿಗೆ ಕೊಡುವ ಅಂತ" ಎಂದರು ಮನೆಯವರು.

"ಹಾಗಾದರೆ ಕಳಿಸುವ ಮೊದಲು ನಾನೊಮ್ಮೆ ಮಿಂದು ಹೋಗ್ತೇನೆ."

ಮನೆಯವರು ತಬ್ಬಿಬ್ಬಾದರು. ಮಾವನ ಸ್ಕೂಟರಿನ ಡಿಕ್ಕಿಯಲ್ಲಿ ಮೈ ಒರೆಸುವ ಬೈರಾಸು ಯಾವಾಗಲೂ ಸಿದ್ಧ. ಒಳಗೆ ಹೋದವರು ಅರ್ಧ ಗಂಟೆ "ಆಹಾ", "ಓಹೋ" ಎಂದು ಉದ್ಗಾರ ತೆಗೆಯುತ್ತಲೇ ಇದ್ದರು. ಕೆಂಪಗಾಗಿ ಹೊರಗೆ ಬಂದದ್ದನ್ನು ನೋಡಿ ಆ ಮನೆಯ ಅಜ್ಜನಿಗೂ ಆಸೆಯಾಗಿ ಅವರೂ ಮಿಂದರು. ಅವರ "ಆಹಾ" ಕೇಳಿ ಮಗ ಮಿಂದ. ಕೊನೆಗೆ ಹಂಡೆ ಉಳಿಯಿತು, ಗೀಸರ್ ಪೆಟ್ಟಿಗೆಯಲ್ಲೇ ಉಳಿಯಿತು. ಈಗ ಆ ಪೆಟ್ಟಿಗೆಯ ಮೇಲೆ ಅವರು ಟಿ.ವಿ. ಇಟ್ಟಿದ್ದಾರಂತೆ!

ಮಾವನನ್ನು ಸೋಮಾರಿ ಎಂದು ತಿಳಿಯಬೇಡಿ. ಎರಡು ಫೋನು, ಎರಡೂ ಕಿವಿಗೆ ಒಂದೊಂದು. ಊಟ ನಿಂತಲ್ಲೇ. ಒಂದು ಕಡೆ ಪೈಪು ಸೋರುತ್ತದೆ, ಇನ್ನೊಂದು ಕಡೆ ಕೆಲಸದವರು ಬಂದಿಲ್ಲ, ಮತ್ತೊಂದು ಕಡೆ ಗಿರಾಕಿ ಬೈಯುತ್ತಿದ್ದಾನೆ. ಆದರೆ ಹಂಡೆ ಕಂಡಿತೋ, ಎರಡೂ ಫೋನು ಬಂದ್! ಲೋಕ ಮುಳುಗಿದರೂ ಮಿಂದಾದ ಮೇಲೆಯೇ ಮಾವನಿಗೆ ತಿಳಿಯಬೇಕು.

ಅತ್ತೆಯ ಪಾಡು ಕೇಳಬೇಡಿ. ಮಗಳಿಗೆ ಬಂಟ್ವಾಳದ ಕಡೆಯ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ದುಬೈಯಲ್ಲಿ ಇಂಜಿನಿಯರ್. ಮನೆ ನೋಡಲು ಹೋಗಿದ್ದ ಮಾವ ಮುಖ ಸಣ್ಣದು ಮಾಡಿಕೊಂಡು ಬಂದರು.

"ಎಂತಾಯ್ತು? ಹುಡುಗ ಸರಿ ಇಲ್ವಾ?" ಎಂದರು ಅತ್ತೆ ಗಾಬರಿಯಿಂದ.

"ಹುಡುಗ ಚಿನ್ನದಂಥವ. ಆದರೆ ಅಷ್ಟು ದೊಡ್ಡ ಮನೆಯಲ್ಲಿ ಒಂದು ಹಂಡೆ ಇಲ್ಲ, ಗೊತ್ತುಂಟಾ? ಇಡೀ ಮನೆಗೆ ಗೀಸರ್!"

"ಆ ಗೀಸರ್ ಹಾಕಿದ್ದೇ ನೀವಲ್ವಾ!" ಎಂದು ಅತ್ತೆ ಕಿರುಚಿದ್ದು ರಸ್ತೆಯವರೆಗೆ ಕೇಳಿತಂತೆ. ಮದುವೆ ನಡೆಯಿತು, ಬಿಡಿ. ಆದರೆ ಮಾವ ಮಗಳ ಮನೆಗೆ ಹೋದಾಗ ಮೀಯುವುದು ಮಾತ್ರ ಅವಳ ನೆರೆಮನೆಯಲ್ಲಿ.

ಇಂಥವರು ಒಂದು ಭಾನುವಾರ ಬೆಳಗ್ಗೆ ಗೀಸರ್ ಪೆಟ್ಟಿಗೆ ಹೊತ್ತು ನಮ್ಮ ಅಂಗಳಕ್ಕೆ ಬಂದಿಳಿದರು. ನಾನು ಮೊದಲೇ ಎಚ್ಚರಿಸಿದೆ, "ಮಾವ, ನಮ್ಮದು ಟಿ.ವಿ. ಗೋಡೆಯ ಮೇಲೆಯೇ ಉಂಟು. ಪೆಟ್ಟಿಗೆ ಬೇಡ, ಗೀಸರ್ ಬೇಕು!"

ಮಾವ ನಗಲಿಲ್ಲ. "ಅಕ್ಕ ಹೇಗಿದ್ದಾಳೆ?" ಎಂದು ಒಳಗೆ ಹೋದರು. ಹಾಸಿಗೆಯ ಪಕ್ಕ ಕೂತು ಅಂಗಡಿಯ ಸುದ್ದಿ, ಮಗಳ ಸುದ್ದಿ ಎಲ್ಲ ಹೇಳಿದರು. ಅಮ್ಮ ಗೋಡೆಯ ಕಡೆ ತಿರುಗಿ, "ಸಾಕು ತಮ್ಮಾ" ಎಂದಳು. ಮಾವ ಎದ್ದು ಬಂದವರು ಒಳಗಿನ ಬಾತ್‌ರೂಮಿನ ಕಡೆ ತಿರುಗಿಯೂ ನೋಡದೆ, ನೇರವಾಗಿ ಹಿತ್ತಿಲಿನ ಹಳೆಯ ಬಚ್ಚಲಿಗೆ ನಡೆದರು.

ಅಲ್ಲಿಂದ ಬೊಬ್ಬೆ ಕೇಳಿತು. "ಹಂಡೆಯ ಒಳಗೆ ಕೊಡೆಯಾ ಮಾರಾಯ್ತಿ! ಹಂಡೆಯಲ್ಲಿ ಯಾರಾದರೂ ಕೊಡೆ ಇಡ್ತಾರಾ!"

ಮುರಿದ ಕೊಡೆಗಳು ಹೊರಗೆ ಬಂದವು. ಹರಿದ ಚಪ್ಪಲಿ, ಹಳೆ ಪೇಪರು ಬಂದವು. ಮಾವ ಅಂಗಿ ಬಿಚ್ಚಿ, ಹುಣಸೆಹಣ್ಣು ಹಾಕಿ ಹಂಡೆಯ ಒಳಗನ್ನು ತಿಕ್ಕಿದ್ದೇ ತಿಕ್ಕಿದ್ದು! ನನ್ನ ಗಂಡ ನೀರು ಸೇದಿ ತುಂಬಿಸಿದರು, ನಾನು ಒಲೆಗೆ ತೆಂಗಿನ ಗೆರಟೆ, ಸಿಪ್ಪೆ ಹೊತ್ತು ತಂದೆ. ಮನೆಯಲ್ಲಿ ಮದುವೆಯ ಗಡಿಬಿಡಿ. ಗೀಸರ್ ಪೆಟ್ಟಿಗೆ ಮಾತ್ರ ಜಗಲಿಯಲ್ಲಿ ಕರೆಯದೆ ಬಂದ ನೆಂಟನ ಹಾಗೆ ಕೂತಿತ್ತು.

ನೀರು ಕಾದ ಮೇಲೆ ಮಾವ ಮತ್ತು ನನ್ನ ಗಂಡ ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿಕೊಂಡು ಹೊರಟರು. "ಮೆಲ್ಲ, ಮೆಲ್ಲ! ಆ ಕಲ್ಲು ನೋಡಿ!" ಎಂದು ಮುಂದೆ ಮುಂದೆ ಕೂಗಾಡುತ್ತ ಹೋದವಳು ನಾನು. ಅಮ್ಮನನ್ನು ಒಳಗೆ ಇಳಿಸಿ ಇಬ್ಬರೂ ಹೊರಗೆ ಹೋದರು. ನಮ್ಮ ಬಚ್ಚಲಿನ ಒಲೆಯ ಬಾಯಿ ಗೋಡೆಯ ಆಚೆ ಬದಿಗೆ. ಮಾವ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೆಂಕಿ ನೋಡಿಕೊಂಡರು.

ನಾನು ಮೊದಲ ಚೆಂಬು ನೀರು ಹೆಗಲ ಮೇಲೆ ಹೊಯ್ದೆ. ಅಮ್ಮ ಕಣ್ಣು ಮುಚ್ಚಿದಳು. ಇನ್ನೊಂದು ಹೊಯ್ದೆ, ಮತ್ತೊಂದು. ಹಬೆಯಲ್ಲಿ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆಯಾಸವಾಯಿತೇನೋ ಎಂಬ ಭಯದಿಂದ, "ಸಾಕಾ ಅಮ್ಮ?" ಎಂದೆ.

"ಎಂತ ಸಾಕು? ಬೆನ್ನಿಗೆ ಹೊಯ್ಯಿ! ದಿನಾ ಆ ಚಿಂದಿಯಲ್ಲಿ ಒರೆಸಿ ಒರೆಸಿ ನನ್ನನ್ನು ನೆಲ ಮಾಡಿಬಿಟ್ಟೆ!"

ನಾನು ಸಂತೋಷದಿಂದ ಚೀರಿಬಿಟ್ಟೆ. ಗೋಡೆಯಾಚೆಯಿಂದ ಮಾವ ಗಾಬರಿಯಾಗಿ, "ಎಂತಾಯ್ತು? ಬಿದ್ದಳಾ?" ಎಂದು ಕೂಗಿದರು.

"ಇಲ್ಲ ಮಾವ, ಬೈದಳು! ಚೆನ್ನಾಗಿ ಬೈದಳು!"

ಆಚೆ ಮಾವ ಜೋರಾಗಿ ನಕ್ಕದ್ದು ಕೇಳಿತು. ಅಮ್ಮ ಬೆನ್ನಿಗೆ ಹೊಯ್ಯಿಸಿಕೊಂಡಳು, ತಲೆಗೆ ಹೊಯ್ಯಿಸಿಕೊಂಡಳು, ಸೀಗೆಪುಡಿ ಎಲ್ಲಿ ಎಂದು ಕೇಳಿದಳು, ನಾಳೆ ಕೋಲು ಹಿಡಿದು ತಾನೇ ಇಲ್ಲಿಯವರೆಗೆ ಬರುತ್ತೇನೆ ಎಂದಳು. ಮತ್ತೆ ಚೆಂಬು ಮುಳುಗಿಸಿದ ನನ್ನ ಕೈಯನ್ನು ತಟ್ಟನೆ ಹಿಡಿದು, ಗೋಡೆಯ ಕಡೆ ತಿರುಗಿ ಕೂಗಿದಳು.

"ತಮ್ಮಾ, ನೀನು ಮಿಂದೆಯಾ?"

"ಇಲ್ಲ ಅಕ್ಕ. ಮೊದಲು ನಿನ್ನದು ಆಗಲಿ."

ಇವರಿಬ್ಬರ ಅಮ್ಮ ತೀರಿಕೊಂಡಾಗ ಮಾವ ಇನ್ನೂ ಶಾಲೆಗೆ ಸೇರಿರಲಿಲ್ಲವಂತೆ. ದಿನಾ ಅವರನ್ನು ಹಂಡೆಯ ಪಕ್ಕ ನಿಲ್ಲಿಸಿ ಮೀಯಿಸಿ ದೊಡ್ಡವರನ್ನಾಗಿ ಮಾಡಿದವಳು ನನ್ನ ಅಮ್ಮ. ಅದು ನನಗೆ ಗೊತ್ತಿತ್ತು. ಆದರೆ ಮಾವ ಊರೂರು ಸುತ್ತಿ ಹುಡುಕುತ್ತಿದ್ದದ್ದು ಏನನ್ನು ಎಂದು ಹೊಳೆದದ್ದು ಆ ಬಚ್ಚಲಿನಲ್ಲಿ ನಿಂತಾಗಲೇ.

"ನಿನಗೂ ನೀರು ಉಳಿಸಿದ್ದೇನೆ" ಎಂದಳು ಅಮ್ಮ. "ಆಮೇಲೆ ಬಂದು ಮೀಯಿ. ಕಿವಿಯ ಹಿಂದೆ ಸರಿಯಾಗಿ ಉಜ್ಜಿಕೋ, ಇಲ್ಲದಿದ್ದರೆ ನಾನೇ ಬರಬೇಕಾಗ್ತದೆ."

ಗೋಡೆಯಾಚೆ ಒಲೆಗೆ ಇನ್ನೊಂದು ಗೆರಟೆ ದೂಡಿದ ಸದ್ದು ಕೇಳಿತು. ಆಮೇಲೆ, ಅರುವತ್ತು ದಾಟಿದ ಮಾವನ ಸಣ್ಣ ಸ್ವರ.

"ಆಯ್ತು ಅಕ್ಕ."