ಹೊಟ್ಟೆಗೊಂದು ಟ್ರಯಲ್ ರನ್

ಓಡುವ ಬಸ್ಸಿಗೆ ಎಮ್ಮೆ ಅಡ್ಡ ಬರುವುದುಂಟು, ಕುರಿಹಿಂಡು ಅಡ್ಡ ಬರುವುದುಂಟು. ಬಸ್ಸಿಗೆ ಒಳಗಿನಿಂದಲೇ ಅಡ್ಡ ನಿಂತ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವನು ನನ್ನ ಬೆನ್ನಿಗೆ ಹುಟ್ಟಿದ ತಮ್ಮ, ಅದೇ ಬಸ್ಸಿನ ಕಂಡಕ್ಟರ್!

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ರಸ್ತೆಗಳಲ್ಲಿ ಅವನು ದುಡಿದ. ಬಸ್ಸಿನಲ್ಲಿ ಎರಡು ಸಾಲು ಸೀಟುಗಳ ನಡುವೆ ಒಂದು ದಾರಿ ಇರುತ್ತದಲ್ಲ, ಅದು ಎಲ್ಲರ ಪಾಲಿಗೆ ಹಿಂದಿನ ಸೀಟಿನವರೆಗೆ ಹೋದರೆ ನನ್ನ ತಮ್ಮನ ಹೊಟ್ಟೆಯ ಪಾಲಿಗೆ ಬಾಗಿಲ ಹತ್ತಿರವೇ ಮುಗಿಯುತ್ತಿತ್ತು. ಹಿಂದೆ ಕುಳಿತವರ ದುಡ್ಡು ಕೈಯಿಂದ ಕೈಗೆ ಮುಂದೆ ಬರುತ್ತಿತ್ತು, ಟಿಕೆಟ್ಟು ಕೈಯಿಂದ ಕೈಗೆ ಹಿಂದೆ ಹೋಗುತ್ತಿತ್ತು. ಅರ್ಧ ಬಸ್ಸು ಕಂಡಕ್ಟರ್ ಕೆಲಸ ಮಾಡುತ್ತಿತ್ತು, ಸಂಬಳ ಮಾತ್ರ ಅವನಿಗೆ!

ಆದರೆ ದನಿ? "ಸರಸಂಬಾ ಇಳಿಯೋರು ಯಾರ್ರೀ? ಏಳ್ರಿ, ಮಕ್ಕೊಂಡು ಇಳಿಯಾಕ ಬರೂದಿಲ್ಲ!" ಎಂದು ಅವನು ಕೂಗಿದರೆ ಸರಸಂಬಾದ ಹೊಲದಲ್ಲಿ ಕಳೆ ತೆಗೆಯುವವರೂ ಎದ್ದು ನಿಲ್ಲುತ್ತಿದ್ದರು.

ಕಿಣ್ಣಿ ಸುಲ್ತಾನದ ಒಬ್ಬ ಮುದುಕಿಗಂತೂ ಅವನ ದನಿಯದೇ ಗುರುತು. ಆಕೆಗೆ ಕಣ್ಣು ಮಂಜು. ಯಾವಾಗಲೂ ಹಿಂದಿನ ಸೀಟಿನ ಮೂಲೆಯಲ್ಲಿ ಕೂರುವಳು. ಜೋಳದ ತೆನೆ ಹಾಲು ಕಟ್ಟುವ ಕಾಲಕ್ಕೆ ಸುಟ್ಟು ಉಜ್ಜಿದ ಎಳೆಗಾಳು, ಸೀತನಿಯನ್ನು ಮುಷ್ಟಿ ತುಂಬ ಅವನಿಗೆಂದು ಮುಂದೆ ಕಳಿಸುವಳು. ಸೀತನಿಯ ರುಚಿ ಬಲ್ಲವರು ನಡುವಿನ ಸೀಟುಗಳಲ್ಲಿ ಸುಮ್ಮನಿರುತ್ತಾರೆಯೇ?

"ಮುಟ್ಟಿತೇನೋ ಯಪ್ಪಾ?" ಎಂದು ಹಿಂದಿನಿಂದ ಮುದುಕಿ.

"ಮುಟ್ಟಿತ ಆಯಿ! ನಿನ್ನ ಕೈಯಿಂದ ಮುಷ್ಟಿ ಹೊಂಟಿತ್ತು, ನನ್ನ ಕೈಗೆ ಚಿಟಕಿ ಬಂತು!"

ನಾನು ಜೇವರ್ಗಿಯಲ್ಲಿ ಹೆಣ್ಣುಮಕ್ಕಳಿಗೆ ಡ್ರಿಲ್ ಕಲಿಸಿ ನಿವೃತ್ತಳಾದವಳು. ಐದಕ್ಕೆ ಏಳುವವಳು, ಗಡಿಯಾರ ನೋಡಿ ಉಣ್ಣುವವಳು. ಹೀಗೆ ಒಂದೇ ಮನೆಯಲ್ಲಿ ಎರಡು ಸೀಟಿ ಹುಟ್ಟಿದ್ದವು. ನನ್ನದು ಊದಿದರೆ ಜನ ಸಾಲಾಗಿ ನಿಲ್ಲುತ್ತಿದ್ದರು, ಅವನದು ಊದಿದರೆ ಸಾಲು ಮುರಿದು ಓಡುತ್ತಿದ್ದರು. ಹೊತ್ತಿಗೆ ಸರಿಯಾಗಿ, ಮಿತವಾಗಿ ಉಣ್ಣು ಎಂದು ನಾನು ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಅಕ್ಕಾ, ನೀ ಗಂಟಿ ಹೊಡದಾಗ ಉಣ್ತಿ. ನನ್ನ ಹೊಟ್ಟ್ಯಾಗ ಗಂಟಿ ನಿಂತೇ ಇಲ್ಲ, ನಾ ಏನ್ ಮಾಡ್ಲಿ?"

ನಗುತ್ತ ನಗುತ್ತ ವರ್ಷಗಳು ಉರುಳಿದವು. ಒಂದು ಬೇಸಿಗೆಯಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ, ಅದೇ ಮುದುಕಿ ಹಿಂದಿನ ಸೀಟಿನಲ್ಲಿ ತಲೆ ತಿರುಗಿ ಬಿದ್ದಳು. ಇವನು ನೀರಿನ ತಂಬಿಗೆ ಹಿಡಿದು ನುಗ್ಗಿದ. ನಾಲ್ಕು ಹೆಜ್ಜೆ ಹೋಗಿ ಸೀಟುಗಳ ನಡುವೆ ಸಿಕ್ಕಿಕೊಂಡ. ಹಿಂದೆ ಬರಲೂ ಆಗದು, ಮುಂದೆ ಹೋಗಲೂ ಆಗದು! ಕೊನೆಗೆ ತಂಬಿಗೆ ಟಿಕೆಟ್ಟಿನಂತೆ ಕೈಯಿಂದ ಕೈಗೆ ಹೋಯಿತು. ಮುದುಕಿ ಎಚ್ಚರಗೊಂಡಳು. ಡ್ರೈವರನೂ ಇನ್ನೊಬ್ಬನೂ ಸೇರಿ ಇವನನ್ನು ಎಳೆದು ತೆಗೆದರು. ಬಸ್ಸಿಗೆ ಬಸ್ಸೇ ನಕ್ಕಿತು. ಇವನು ನಗಲಿಲ್ಲ.

ಮರುದಿನ ತಾನೇ ಡಿಪೋ ಮ್ಯಾನೇಜರ ಎದುರು ನಿಂತು ಕೇಳಿಕೊಂಡ: "ಸಾಹೇಬ್ರ, ನನ್ನ ಬಸ್ಸಿನಿಂದ ಇಳಸ್ರಿ. ಹಿಂದಿನ ಸೀಟಿಗೆ ಹೋಗಾಕ ಬರದ ಕಂಡಕ್ಟರ್ ಬಸ್ಸಿಗೆ ಬ್ಯಾಡ್ರಿ."

ಯಾರೂ ಇಳಿಸದೆ ತಾನೇ ಇಳಿದ ಕಂಡಕ್ಟರ್ ನಮ್ಮ ಮೂರು ತಾಲೂಕಿನಲ್ಲಿ ಇವನೊಬ್ಬನೇ ಇದ್ದಾನು. ಈ ಮಾತು ಹೇಳುವಾಗ ನನಗೆ ಇಂದಿಗೂ ಎದೆ ಉಬ್ಬುತ್ತದೆ.

ಡಿಪೋದಲ್ಲಿ ಅವನಿಗೊಂದು ಮೇಜು ಕೊಟ್ಟರು. ಜವಾನ ಚಹಾ ತಂದರೆ ಇವನು ಬಸ್ಸಿನ ರೂಢಿಯಲ್ಲೇ "ಕರಜಗಿ ಬಂತು, ಇಳೀರಿ" ಎನ್ನುತ್ತಿದ್ದನಂತೆ. ಅದನ್ನು ಕೇಳಿ ಎಲ್ಲರೂ ನಕ್ಕರು. ನಾನು ಮಾತ್ರ ಅವನನ್ನು ಕರೆದುಕೊಂಡು ಮುಂಬೈಗೆ ಹೊರಟೆ. ಸಕ್ಕರೆ ಕಾಯಿಲೆ ಆಗಲೇ ಅಂಟಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ನಮ್ಮ ಕಡೆಯ ಡಾಕ್ಟರೊಬ್ಬರು, ಇಂಥ ದೇಹದ ತೂಕ ಇಳಿಸಲು ಹೊಟ್ಟೆಯ ಆಪರೇಶನ್ ಅಂತ ಹೊಸದಾಗಿ ಬಂದಿದೆ, ಮುಂಬೈಯಲ್ಲಿ ಮಾಡುತ್ತಾರೆ ಎಂದಿದ್ದರು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆ ಹೆಸರು ಕೇಳಿದವರೇ ಕಡಿಮೆ. "ಖರ್ಚು ನನ್ನದು, ಬಾಯಿ ಮುಚ್ಚು" ಎಂದೆ. ಅವನು ಬಾಯಿ ಮುಚ್ಚಿದ. ರೈಲಿನಲ್ಲಿ ಸೊಲ್ಲಾಪುರದ ತನಕ ಮಾತ್ರ.

ಮುಂಬೈ ಡಾಕ್ಟರು ಮರಾಠಿಯವರು, ಕನ್ನಡ ಬಲ್ಲವರು, ತಾಳ್ಮೆಯವರು. ಚಿತ್ರ ಬರೆದು ಮೂರು ದಾರಿ ತೋರಿಸಿದರು. ಒಂದು, ಹೊಟ್ಟೆಯ ಕುತ್ತಿಗೆಗೆ ಪಟ್ಟಿ ಕಟ್ಟುವುದು. ಊಟ ನಿಧಾನವಾಗಿ ಇಳಿಯುತ್ತದೆ, ಪಟ್ಟಿ ಬಿಗಿ ಮಾಡಿಸಲು ಆಗಾಗ ಬರಬೇಕು. ಇನ್ನೊಂದು, ಹೊಟ್ಟೆಗೆ ಸಾಲಾಗಿ ಪಿನ್ನು ಹೊಡೆದು ಮೇಲೆ ಸಣ್ಣ ಚೀಲದಷ್ಟೇ ಉಳಿಸುವುದು. ಮತ್ತೊಂದರಲ್ಲಿ ಆ ಸಣ್ಣ ಚೀಲವನ್ನು ನೇರ ಕರುಳಿಗೆ ಜೋಡಿಸಿ, ಊಟ ಉಳಿದ ಹೊಟ್ಟೆಯನ್ನು ಮುಟ್ಟದೆ ದಾಟಿ ಹೋಗುವಂತೆ ಮಾಡುವುದು. ಅದಾದ ಮೇಲೆ ಸಿಹಿ ತಿಂದರೆ ಬೆವರು, ತಲೆಸುತ್ತು.

ತಮ್ಮ ಚಿತ್ರವನ್ನು ದಿಟ್ಟಿಸಿದ. "ಪಟ್ಟಿ ಅಂದ್ರ ಬಾಗಿಲಿಗೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನ ಹತ್ತಿಸಿದಂಗ. ಪಿನ್ನಂದ್ರ ಹಿಂದಿನ ಸೀಟಿಗೆಲ್ಲ ಕೀಲಿ ಹಾಕಿದಂಗ. ಇದು ಮೂರನೇದು, ಊರಿನ ಹೊರಗಿಂದ ಹಾದು ಸ್ಟಾಪ್ ಬಿಟ್ಟು ಹ್ವಾದಂಗ. ಹೌದಿಲ್ಲೋ ಡಾಕ್ಟ್ರ?"

ಡಾಕ್ಟರು ನಕ್ಕು, ಹೊಟ್ಟೆ ಬಸ್ಸಲ್ಲ, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದರು.

ಯೋಚಿಸುವುದೇ? ಹೊಸ ರೂಟಿಗೆ ಬಸ್ಸು ಬಿಡುವ ಮೊದಲು ಖಾಲಿ ಬಸ್ಸು ಓಡಿಸಿ ನೋಡುತ್ತಾರೆ. ಹಾಗೆಯೇ ಮೂರೂ ಆಪರೇಶನ್ನಿಗೆ ಮನೆಯಲ್ಲೇ ಟ್ರಯಲ್ ಆಗಬೇಕೆಂದು ಹಟ ಹಿಡಿದ!

ಮೊದಲು ಪಟ್ಟಿ. ಖಾಕಿ ಪ್ಯಾಂಟಿನ ಬೆಲ್ಟನ್ನು ಹೊಟ್ಟೆಯ ಮೇಲ್ಭಾಗಕ್ಕೆ ಬಿಗಿದುಕೊಂಡು ಊಟಕ್ಕೆ ಕುಳಿತ. ಪುಂಡಿ ಪಲ್ಯದ ಜೊತೆ ಮೊದಲ ರೊಟ್ಟಿ ಇಳಿಯಿತು. ಎರಡನೆಯದಕ್ಕೆ ಬೆಲ್ಟಿನ ಬಕ್ಕಲು ಹಾರಿ ಹೋಗಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. "ಪಟ್ಟಿ ಫೇಲ್" ಎಂದು ಘೋಷಿಸಿದ.

ಆಮೇಲೆ ಸ್ಟಾಪ್ ಬಿಡುವ ಆಪರೇಶನ್. ಕರಜಗಿಯ ಮಗಳಾದ ಅವನ ಹೆಂಡತಿಗೆ ಹೋಳಿಗೆ ಮಾಡಲು ಹೇಳಿದ. ತಿಂದ. ತಿಂದ ಮೇಲೆ ತಲೆ ಸುತ್ತಬೇಕಲ್ಲ? "ಅಕ್ಕಾ, ಸೀಟಿ ತಗೋ. ನನ್ನ ತಿರುಗಸು!" ಎಂದ. ನಾನೂ ನಿಯಮದ ಹೆಣ್ಣು, ಟ್ರಯಲ್ ಎಂದರೆ ಟ್ರಯಲ್! ಅಂಗಳದಲ್ಲಿ ನಿಲ್ಲಿಸಿ ಸೀಟಿ ಊದಿ "ಹಿಂದಕ್ಕೆ ತಿರುಗು! ಹಿಂದಕ್ಕೆ ತಿರುಗು!" ಎಂದು ಆಜ್ಞೆ ಕೊಟ್ಟೆ. ಗೋಡೆಯಾಚೆ ಜನ ಸೇರಿದರು. ಕೊನೆಗೆ ಅವನು ಹೊರಸಿನ ಮೇಲೆ ಕುಸಿದ. ಕಾಲು ಮುರಿದು ಹೊರಸು ಅಂದೇ ತೀರಿಕೊಂಡಿತು.

ನೆಲದ ಮೇಲಿಂದಲೇ ಅವನ ತೀರ್ಪು ಬಂತು: "ಇದು ಬ್ಯಾಡ. ಸ್ಟಾಪ್ ಬಿಟ್ಟು ಹೋಗೂ ಬಸ್ಸು ನಾ ಎಂದೂ ನಡಸಿಲ್ಲ."

ಉಳಿದದ್ದು ಪಿನ್ನು. ಮಕ್ಕಳಿಗೆ ಹಾಲು ಕುಡಿಸುವ ಸಣ್ಣ ಬಟ್ಟಲಲ್ಲಿ ಅವನ ಊಟ. ಎರಡು ದಿನ ನಗೆಯಾಯಿತು. ಮೂರನೆಯ ದಿನ ಅವನ ಹೆಂಡತಿ ಬಟ್ಟಲು ತುಂಬಿಟ್ಟು ಒಲೆಯ ಮುಂದೆ ಮುಖ ತಿರುಗಿಸಿ ಕುಳಿತಳು.

"ಏನಾತು?" ಎಂದೆ.

"ಅಕ್ಕಾರ, ನಾ ಬಂದಾಗಿಂದ ಇವರು ಒಂದ್ ದಿನಾನೂ ಚೊಲೋ ಆಗಿಲ್ಲ ಅಂದಿಲ್ಲ. ಇನ್ನ ಇಷ್ಟಽ ಉಂಡ್ರ ನಾ ಯಾರಿಗ್ ಮಾಡ್ಲಿ?"

ತಮ್ಮ ಬಟ್ಟಲು ಎತ್ತಿಕೊಂಡು ಬಂದು ಅವಳ ಎದುರು ಕುಳಿತ. "ಹುಚ್ಚಿ, ಬಸ್ಸಿನ ತುಂಬ ಜನ ಅದಾರ. ನೀ ಮಾಡು, ನಾ ಹಂಚತೇನಿ. ಮೊದಲ ನನ್ನ ಬಸ್ಸಿಗೆ ಹತ್ತಸು."

ಮತ್ತೆ ಮುಂಬೈಗೆ ಮೂವರೂ ಹೋದೆವು. ಅವನು ತನ್ನ ಟ್ರಯಲ್‌ಗಳ ವರದಿ ಒಪ್ಪಿಸಿದ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಿಮ್ಮ ಕಾರಣಗಳು ಒಂದೂ ಸರಿಯಿಲ್ಲ. ಆದರೂ ನಿಮ್ಮ ದೇಹಕ್ಕೆ ಪಿನ್ನಿನದು ಒಗ್ಗುತ್ತದೆ, ಮಾಡುತ್ತೇನೆ. ಆದರೆ ಒಂದು ಮಾತು, ಮೆತ್ತಗಿನ ಸಿಹಿ ಈ ಸಣ್ಣ ಚೀಲವನ್ನೂ ಸೋಲಿಸುತ್ತದೆ. ಸಿಹಿ ಬಿಡುತ್ತೀರಾ?"

ಅವನು ಹೆಂಡತಿಯ ಮುಖ ನೋಡಿದ. ಅವಳೇ ಹೇಳಿದಳು: "ನಾ ಹೋಳಗಿ ಮಾಡೂದ ಬಿಡ್ತೇನ್ರಿ. ಇವರು ತಿನ್ನೂದ ಬಿಡ್ತಾರ."

ಆಪರೇಶನ್ ಆಯಿತು. ಮೊದಲ ವಾರಗಳು ಬರೀ ಗಂಜಿ, ಬೇಳೆಯ ತಿಳಿ. ಒಮ್ಮೆ ಹಳೆಯ ರೂಢಿಯಲ್ಲಿ ರೊಟ್ಟಿ ತುಂಡನ್ನು ಗಬಕ್ಕನೆ ನುಂಗಿ, ಬಚ್ಚಲಲ್ಲಿ ಕುಳಿತು ಕಣ್ಣೀರು ಸುರಿಸುತ್ತ ಕಕ್ಕಿದ. ಅಂದಿನಿಂದ ಪ್ರತಿ ತುತ್ತನ್ನೂ ಹಿಟ್ಟಾಗುವವರೆಗೆ ಅಗಿಯುವುದನ್ನು ಕಲಿತ. ನನ್ನ ಶಾಲೆಯ ಯಾವ ಹುಡುಗಿಯೂ ಅಷ್ಟು ಶಿಸ್ತು ಕಲಿತವಳಲ್ಲ. ವರ್ಷ ತುಂಬುವ ಹೊತ್ತಿಗೆ ಅವನ ಖಾಕಿ ಅಂಗಿಯೊಳಗೆ ಇನ್ನೊಬ್ಬ ಕಂಡಕ್ಟರ್ ಹಿಡಿಯುವಂತಾಯಿತು. ಡಿಪೋದವರು ಪರೀಕ್ಷೆ ಮಾಡಿಸಿ ಮತ್ತೆ ಬಸ್ಸಿಗೆ ಹತ್ತಿಸಿದರು.

ಮೊದಲ ದಿನ ನಾನು ಅವನಿಗೆ ಹೇಳದೆ ಆಳಂದಕ್ಕೆ ಹೋಗಿ ಅವನ ಬಸ್ಸನ್ನೇ ಹತ್ತಿದೆ. ಹಿಂದಿನ ಸೀಟಿನ ಮೂಲೆಯಲ್ಲಿ ಮಂಜುಗಣ್ಣಿನ ಆ ಮುದುಕಿ ಇದ್ದಳು. ಪಕ್ಕದಲ್ಲಿ ಕುಳಿತೆ. ಜನ ರೂಢಿಯಂತೆ ದುಡ್ಡನ್ನು ಕೈಯಿಂದ ಕೈಗೆ ದಾಟಿಸತೊಡಗಿದರು.

"ಕೊಡಬ್ಯಾಡ್ರಿ!" ಬಸ್ಸು ನಡುಗುವ ಹಾಗೆ ಅದೇ ದನಿ. "ಯಾರೂ ಮುಂದ ಕೊಡಬ್ಯಾಡ್ರಿ. ನಾನೇ ಬರ್ತೇನಿ!"

ಬಂದ. ಒಂದೊಂದೇ ಸಾಲು ದಾಟಿ, ಎಲ್ಲೂ ಸಿಕ್ಕಿಕೊಳ್ಳದೆ, ಕೈಯಲ್ಲಿ ನೀರಿನ ತಂಬಿಗೆ ಹಿಡಿದು ಕೊನೆಯ ಸೀಟಿಗೆ ಬಂದು ನಿಂತ. "ಆಯಿ, ನೀರ್ ಕುಡೀತಿಯೇನ್?"

ಮುದುಕಿ ಕೈ ಚಾಚಿ ಅವನ ತೋಳು ಮುಟ್ಟಿದಳು, ಭುಜ ಮುಟ್ಟಿದಳು, ಕೆನ್ನೆ ಸವರಿದಳು.

"ಯವ್ವಾ! ಇಷ್ಟಽ ಇದ್ದೀಯೇನೋ ಯಪ್ಪಾ? ದನಿ ಕೇಳಿ ಭಾಳ ದೊಡ್ಡಾಂವ ಅನ್ಕೊಂಡಿದ್ದೆ! ನಿನ್ನ ಹೇಂತಿ ಉಣ್ಣಾಕ ಹಾಕಾಂಗಿಲ್ಲೇನು?"

ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಆಕೆ ಸೆರಗಿನ ಗಂಟು ಬಿಚ್ಚಿ ಮುಷ್ಟಿ ತುಂಬ ಸೀತನಿ ತೆಗೆದು, ತಡಕಾಡಿ, ಮೊದಲ ಬಾರಿ ನೇರ ಅವನ ಅಂಗೈಗೇ ಸುರಿದಳು. ಅವನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಉಳಿದದ್ದನ್ನು ನನ್ನ ಉಡಿಗೆ ಹಾಕಿದ. ಅವನ ಕಣ್ಣು ತುಂಬಿತ್ತು. ಡ್ರೈವರ್ ತಿರುಗಿ ನೋಡುತ್ತ ಹೊರಡಲು ಸೀಟಿಯ ಸದ್ದಿಗಾಗಿ ಕಾಯುತ್ತಿದ್ದ. ತಮ್ಮ ಮಾತ್ರ ಅಲ್ಲೇ ನಿಂತು ಆ ನಾಲ್ಕು ಕಾಳನ್ನು ನಿಧಾನವಾಗಿ, ಹಿಟ್ಟಾಗುವವರೆಗೆ ಅಗಿಯುತ್ತಿದ್ದ.

ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಗಡಿಯಾರ ನೋಡಲಿಲ್ಲ.