ಏಳು ಟಗರು, ಒಂದು ಶಿಕ್ಕಾ

ನಿಯಮ ಬರೆಯುವವನಿಗೆ ನಿಯಮ ಮುರಿಯುವವರಿಗಿಂತ ಹೆಚ್ಚು ಕಲ್ಪನಾಶಕ್ತಿ ಇರಬೇಕು. ನನಗಿರಲಿಲ್ಲ. ಅದಕ್ಕೇ ಇಂಥವು ನಡೆಯುತ್ತಲೇ ಇದ್ದವು. ನೆನಪಿನಲ್ಲಿ ಉಳಿದವನ್ನಷ್ಟೇ ಬರೆಯುತ್ತೇನೆ.

ನಿಜಾಮರ ಆಡಳಿತ ಮುಗಿದು ನಮ್ಮ ಭಾಗ ಭಾರತಕ್ಕೆ ಸೇರಿತ್ತು. ಕನ್ನಡದ ರಾಜ್ಯ ಆಗುತ್ತದೋ ಇಲ್ಲವೋ ಎಂಬುದನ್ನು ಯಾದಗಿರಿ ಸ್ಟೇಷನ್ನಿನ ಚಹಾದಂಗಡಿಯಲ್ಲಿ ದಿನಕ್ಕೆರಡು ಸಲ ತೀರ್ಮಾನಿಸುತ್ತಿದ್ದರು. ಎಲ್ಲ ಕಚೇರಿಗಳಲ್ಲೂ ಹಳೆಯ ಮೊಹರು ತೆಗೆದು ಹೊಸದು ಮಾಡಿಸುವ ಹುರುಪು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಶಹಾಪುರದ ಕಂಬಳಿ ಸಂಘಕ್ಕೆ ಸೆಕ್ರೆಟರಿ ಆಗಿದ್ದೆ. ಹಂಗಾಮಿ. ಸದಸ್ಯರೆಲ್ಲ ಶಹಾಪುರ, ಸುರಪುರ, ಗೋಗಿ ಊರುಗಳಲ್ಲಿ ಕುರಿ ಸಾಕುವವರು, ಆ ಉಣ್ಣೆಯನ್ನೇ ನೂತು ನೇಯುವವರು.

ಸರಕಾರಿ ಆಸ್ಪತ್ರೆಗಳಿಗೆ ಕಂಬಳಿ ಬೇಕಾಗಿದ್ದವು. ಇಲಾಖೆ ಕೇಳಿದ್ದು ಇಷ್ಟು: ಸಂಘಕ್ಕೊಂದು ಗುರುತು ಇರಬೇಕು, ಅದನ್ನು ಬಳಸುವುದಕ್ಕೆ ನಿಯಮ ಇರಬೇಕು, ಆ ನಿಯಮ ನಡೆಯುತ್ತಿದೆಯೇ ಎಂದು ಸಾಹೇಬರೊಬ್ಬರು ಬಂದು ನೋಡಬೇಕು. ಅವರು ಒಪ್ಪಿದರೆ ಆರ್ಡರು, ಆರ್ಡರು ಬಂದರೆ ನನ್ನ ನೌಕರಿ ಖಾಯಂ. ಒಪ್ಪದಿದ್ದರೆ ಗೋದಾಮಿನ ಕಂಬಳಿಗಳೆಲ್ಲ ನುಸಿಯ ಪಾಲು, ನಾನು ಹೈದರಾಬಾದಿನಲ್ಲಿ ಮಾವನ ಕಾಗದದ ಅಂಗಡಿಯ ಪಾಲು.

ಹನ್ನೊಂದು ನಿಯಮ ಬರೆದೆ. ಹತ್ತು ಕಡಿಮೆ ಅನಿಸಿತ್ತು.

ಕಿವಿಯ ತಕರಾರು

ಗುರುತು ಟಗರಿನದೇ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಯಾದಗಿರಿಯಿಂದ ಅಂಗಡಿಗಳ ಬೋರ್ಡು ಬರೆಯುವ ಪೇಂಟರನನ್ನು ಕರೆಸಿದೆ. ಅವನು ಒಂದು ತಾಸಿನಲ್ಲಿ ಟಗರು ಬರೆದುಕೊಟ್ಟ. ನನ್ನ ಕಣ್ಣಿಗೆ ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು ಇದ್ದವು. ಅಷ್ಟು ಸಾಕಿತ್ತು.

ಸಮಿತಿಯ ಏಳು ಮಂದಿಯ ಮುಂದೆ ಹಾಳೆ ಇಟ್ಟೆ. ಅಧ್ಯಕ್ಷರು ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು. ಮುದುಕರು, ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದವರು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು.

“ಸೆಕ್ರೆಟ್ರಿ ಸಾಹೇಬ್ರ, ಇದನ್ನ ಎಲ್ಲಿ ಹಿಡಕೊಂಡು ಬಂದ್ರಿ?”

“ಇದು ಚಿತ್ರ, ಕಾಕಾ.”

“ಚಿತ್ರನ ಇರವಲ್ದ್ಯಾಕ. ಇಂಥಾ ಕಿವಿ ಇದ್ದ ಟಗರು ಒಂದು ಮಳಿಗಾಲ ದಾಟಂಗಿಲ್ಲ.”

ಎರಡನೆಯವರು ಕೊಂಬು ನೋಡಿ ಇದು ನಮ್ಮ ಸೀಮೆಯದಲ್ಲ ಎಂದರು. ಮೂರನೆಯವರು ಹೊಟ್ಟೆ ನೋಡಿ ಇದಕ್ಕೆ ಔಷಧಿ ಕುಡಿಸಬೇಕು ಎಂದರು. ಮುಂದಿನ ಸಭೆಗೆ ಮಾದರಿ ತರುತ್ತೇವೆಂದು ಎದ್ದು ಹೋದರು.

ತಂದರು. ಏಳು ಮಂದಿ, ಏಳು ಟಗರು. ಸಂಘದ ಅಂಗಳದಲ್ಲಿ ಒಟ್ಟಿಗೆ ಬಿಟ್ಟರು. ಆಮೇಲೆ ನಡೆದದ್ದನ್ನು ನಡಾವಳಿ ಪುಸ್ತಕದಲ್ಲಿ ‘ವಿಷಯದ ಮೇಲೆ ಬಿರುಸಿನ ಚರ್ಚೆಯಾಯಿತು’ ಎಂದು ಬರೆದಿದ್ದೇನೆ. ಪೇಂಟರ್ ಗೋಡೆ ಹತ್ತಿ ಕೂತು ಅಲ್ಲಿಂದಲೇ ಬರೆದ. ಯಾರಿಗೂ ಬೇಸರ ಆಗದಂತೆ ಕಾಕಾನ ಟಗರಿನ ಕೊಂಬು, ಗೋಗಿಯವರ ಟಗರಿನ ಕಿವಿ, ಸುರಪುರದವರ ಟಗರಿನ ಬಾಲ, ಹೀಗೆ ಏಳು ಪಾಲು ಕೂಡಿಸಿ ಒಂದು ಪ್ರಾಣಿ ತಯಾರಾಯಿತು.

ಅಂಥ ಪ್ರಾಣಿಯನ್ನು ಈವರೆಗೆ ಯಾರೂ ಕಂಡಿಲ್ಲ. ಅದಕ್ಕೇ ಸರ್ವಾನುಮತದ ಒಪ್ಪಿಗೆ ಸಿಕ್ಕಿತು.

ಮೂರನೆಯ ನಿಯಮ

ಆ ಟಗರಿನದೇ ಅಂಗೈ ಅಗಲದ ಮರದ ಶಿಕ್ಕಾ, ಅಂದರೆ ಮೊಹರು, ಕೆತ್ತಿಸಿ ಶಹಾಪುರ, ಸುರಪುರ, ಗೋಗಿಗೆ ಒಂದೊಂದು ಕೊಟ್ಟೆವು. ಬಿಳಿ ಬಟ್ಟೆಯ ತುಂಡಿಗೆ ಶಿಕ್ಕಾ ಹೊಡೆದು ಕಂಬಳಿಯ ಮೂಲೆಗೆ ಹೊಲಿಯಬೇಕು. ಮೂರನೆಯ ನಿಯಮ ಹೀಗಿತ್ತು: ‘ಸಂಘದ ಸದಸ್ಯರು ತಯಾರಿಸಿದ ಮಾಲಿಗೆ ಮಾತ್ರ ಈ ಗುರುತು ಹಾಕತಕ್ಕದ್ದು.’

ತಿಂಗಳು ತುಂಬುವುದರೊಳಗೆ ಸುರಪುರದ ಸದಸ್ಯರೊಬ್ಬರ ಮನೆಯಿಂದ ಮದುವೆಯ ಕಾಗದ ಬಂತು. ಮೇಲೆ ದೇವರ ಹೆಸರು. ಅದರ ಕೆಳಗೆ ನಮ್ಮ ಟಗರು. ಟಗರಿನ ಕೆಳಗೆ ವರನ ಹೆಸರು.

ಬಸ್ಸು ಹತ್ತಿ ಹೋದೆ. ಅವರು ಚಪ್ಪರದ ಗಳ ಕಟ್ಟಿಸುತ್ತಿದ್ದರು.

“ಏನ್ರಿ ಇದು? ಮೂರನೆಯ ನಿಯಮ ಓದಿಲ್ಲವೇ?”

“ಓದಿಸಿ ಕೇಳೀನ್ರಿ. ಮೆಂಬರ್ ತಯಾರ ಮಾಡಿದ ಮಾಲಿಗೆ ಹಾಕ್ರಿ ಅಂತ ನೀವ ಬರ್ದೀರಿ.”

“ಹೌದು. ಇದು ಮದುವೆ!”

ಅವರು ಹಳದಿ ಹಚ್ಚಿಕೊಂಡು ಕೂತಿದ್ದ ಮಗನ ಕಡೆ ಕೈ ತೋರಿಸಿದರು.

“ಮತ್ತ ಇಂವನ್ನ ತಯಾರ ಮಾಡಿದಾಂವ ಯಾರು? ಇಪ್ಪತ್ತು ವರ್ಷದ ಕೆಲಸರಿ ಅದು.”

ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು: “ಮೆಂಬರ್ ಒಬ್ಬಾಂವನ ಮಾಡ್ಯಾನಂತೇನು? ನನಗೂ ಮೆಂಬರ್ ಮಾಡಂತ ಹೇಳು ಆ ಸಾಹೇಬ್ಗ!”

ಊಟ ಮಾಡಿಕೊಂಡು ವಾಪಸ್ಸು ಬಂದೆ. ಮುಂದಿನ ಸಭೆಯಲ್ಲಿ ಆಕೆಯನ್ನು ಸದಸ್ಯೆ ಮಾಡಿಕೊಂಡೆವು. ಕಾನೂನಿನ ಪ್ರಕಾರ ಆಕೆಯ ವಾದ ಸರಿಯಿತ್ತು.

ನಕಲಿ ಟಗರು

ಯಾದಗಿರಿ ಬಜಾರಿನಲ್ಲಿ ಒಬ್ಬ ವ್ಯಾಪಾರಿ ಗಿರಣಿ ಕಂಬಳಿಗೆ ನಮ್ಮ ಗುರುತು ಹಚ್ಚಿ ಮಾರುತ್ತಿದ್ದಾನೆ ಎಂದು ಸುದ್ದಿ ಬಂತು. ನಕಲು ಮಾಡಿದವರಿಗೆ ದಂಡ ಎನ್ನುವ ಒಂಬತ್ತನೆಯ ನಿಯಮ ಇಂಥವರಿಗೆಂದೇ ಬರೆದದ್ದು. ನನಗೆ ಸ್ವಲ್ಪ ಸಂತೋಷವೇ ಆಯಿತು. ಸಾಕ್ಷಿಗೆಂದು ಕಾಕಾನನ್ನು ಕರೆದುಕೊಂಡು ಹೋದೆ.

ವ್ಯಾಪಾರಿ ಗಾದಿಯ ಮೇಲಿಂದ ಏಳಲಿಲ್ಲ. “ಟಗರು ನಿಮ್ಮ ಸಂಘದ ಜಹಗೀರೇನ್ರಿ? ನಿಮ್ದು ನಿಮಗ, ನಮ್ದು ನಮಗ,” ಎಂದ.

ಕಾಕಾ ಕಂಬಳಿಯ ಮೂಲೆ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಇದು ನಮ್ಮ ಶಿಕ್ಕಾ ಅಲ್ಲ,” ಎಂದರು.

“ಖಾತ್ರಿ ಹೇಳ್ತೀರಾ ಕಾಕಾ?”

“ಪಕ್ಕಾ. ನಮ್ದು ಎಲ್ಲಿ ಇಷ್ಟು ಛಲೋ ಅದ? ಇದು ಖರೇ ಟಗರಿನಾಂಗ ಅದ ನೋಡ್ರಿ.” ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದರು: “ಇದನ್ನ ಬರ್ದಾಂವ ಯಾರ್ರಿ ಸಾವ್ಕಾರ್ರ? ನಮಗೂ ಒಂದು ಬರ್ಸಿಕೊಡ್ರಿ.”

ವ್ಯಾಪಾರಿ ಚಹಾ ತರಿಸಿದ. ಒಂಬತ್ತನೆಯ ನಿಯಮ ಚಹಾ ಕುಡಿದು ಮನೆಗೆ ಬಂತು.

ಗೋಗಿಯ ಪಾಲನೆ

ಆರು ತಿಂಗಳಲ್ಲಿ ಹನ್ನೊಂದು ನಿಯಮಗಳ ಪೈಕಿ ಒಂದನ್ನೂ ಯಾರೂ ಪಾಲಿಸಿರಲಿಲ್ಲ. ಶಿಕ್ಕಾ ಬಂಡಿಯ ಮೇಲಿತ್ತು, ಕಣಜದ ಮೇಲಿತ್ತು, ಒಬ್ಬರ ಮನೆಯಲ್ಲಿ ರೊಟ್ಟಿಯ ಮೇಲೂ ಇತ್ತು. ಅಂಥದರಲ್ಲಿ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಕಾಗದ ಬಂತು. ಎಲ್ಲ ಊರಿಗೂ ಹೋಗಿ ಕೈಮುಗಿದೆ. “ನಿಯಮ ನಡೀತಿಲ್ಲ ಅಂದರೆ ಆರ್ಡರ್ ಇಲ್ಲ, ನಾನೂ ಇಲ್ಲ,” ಎಂದೆ. ಗೋಗಿಯವರು ಹನ್ನೊಂದೂ ನಿಯಮಗಳನ್ನು ಇನ್ನೊಮ್ಮೆ ಓದಿಸಿ ಕೇಳಿದರು.

ಸಾಹೇಬರು ಮದ್ರಾಸ್ ಸರಕಾರದಿಂದ ಎರವಲು ಬಂದವರು. ಶುದ್ಧ ಕನ್ನಡ, ಇಸ್ತ್ರಿ ಮಾಡಿದ ಮುಖ. ಜೀಪು ಇಳಿದವರೇ ಗೋಗಿಗೆ ಹೋಗೋಣ ಎಂದರು. ಕಾಕಾ, ನಾನು ಹಿಂದೆ ಕೂತೆವು.

ಸಂಜೆ ಕುರಿಗಳು ಊರಿಗೆ ಬರುವ ಹೊತ್ತು. ನಮ್ಮಲ್ಲಿ ಪ್ರತಿ ಮನೆಯವರೂ ತಮ್ಮ ಕುರಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕುತ್ತಾರೆ. ಒಬ್ಬರದು ಕೊರಳಿಗೆ ಕೆಂಪು ಗೆರೆ, ಇನ್ನೊಬ್ಬರದು ಬೆನ್ನಿಗೆ ಸುಣ್ಣದ ಬೊಟ್ಟು. ಮಂದೆ ಬೆರೆತರೂ ಯಾರದು ಯಾವುದೆಂದು ತಿಳಿಯಲಿ ಎಂದು. ಅಂದು ದೂಳಿನೊಳಗಿಂದ ಐದಾರು ಮನೆಗಳ ಕುರಿಗಳು ಒಟ್ಟಾಗಿ ಬಂದವು. ಗೆರೆಯಿಲ್ಲ, ಬೊಟ್ಟಿಲ್ಲ. ಎಲ್ಲ ಕುರಿಗಳ ಬೆನ್ನ ಮೇಲೂ ಸುಣ್ಣದಲ್ಲಿ ಅದ್ದಿ ಹೊಡೆದ ಸಂಘದ ಶಿಕ್ಕಾ.

ನನ್ನ ಏಳನೆಯ ನಿಯಮ ನೆನಪಾಯಿತು: ‘ಸದಸ್ಯರು ತಮ್ಮ ಸ್ವಂತ ಗುರುತುಗಳನ್ನು ಬಿಟ್ಟು ಸಂಘದ ಗುರುತನ್ನು ಮಾತ್ರ ಬಳಸತಕ್ಕದ್ದು.’ ನೇಕಾರರು ಕಂಬಳಿಯ ಅಂಚಿಗೆ ಹಾಕುವ ಗಂಟುಗಳ ಬಗ್ಗೆ ಬರೆದದ್ದು ಅದು. ಮಾವನ ಅಂಗಡಿಯ ಹಸಿ ಕಾಗದದ ವಾಸನೆ ಮೂಗಿಗೆ ಬಡಿದಂತಾಯಿತು.

ಸಾಹೇಬರು ಕನ್ನಡಕ ಒರೆಸಿಕೊಂಡರು. ಮುಂದೆ ನಿಂತಿದ್ದ ಮುದುಕಿಯೊಬ್ಬಳನ್ನು ಕೇಳಿದರು:

“ಏನು ತಾಯಿ, ಎಲ್ಲಕ್ಕೂ ಒಂದೇ ಗುರುತು ಹಾಕಿದ್ದೀರಿ. ಯಾರ ಕುರಿ ಯಾವುದು ಎಂದು ಹೇಗೆ ಗೊತ್ತಾಗುತ್ತದೆ?”

“ಅವುಗಳ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ ಸಾಹೇಬ್ರ?”

ಅಷ್ಟು ಹೇಳಿ ಆಕೆ ನಾಲಿಗೆ ಮಡಚಿ ಒಂದು ಸದ್ದು ಮಾಡಿದಳು. ಮೂವತ್ತು ಕುರಿಗಳು ಮಂದೆ ಬಿಟ್ಟು ಅವಳ ಬಾಗಿಲಿಗೆ ಹೋದವು. ಪಕ್ಕದ ಮನೆಯವನು ಬೇರೊಂದು ಸದ್ದು ಮಾಡಿದ. ಅವನವು ಅವನ ಕಡೆ ಹೋದವು. ಒಂದು ಬೀಡಿ ಸೇದುವಷ್ಟರಲ್ಲಿ ಬೀದಿ ಖಾಲಿ.

“ಹಾಗಾದರೆ ಗುರುತು ಯಾತಕ್ಕೆ?” ಎಂದರು ಸಾಹೇಬರು.

“ಅದು ನಮಗಲ್ರಿ. ಓದಿದವ್ರಿಗೆ.”

“ನಿಯಮದಂತೆ ಹಾಕಿದಿರಾ?”

“ಹೂಂನ್ರಿ. ಈ ಹುಡುಗ ಪಾಪ, ಆರು ತಿಂಗಳಾತು, ಬರೀತಾನ, ಓದಿ ಹೇಳ್ತಾನ. ಯಾರೂ ಕೇಳಂಗಿಲ್ಲ. ಒಂದಾರ ಕೇಳೂಣು, ಅವನ ನೌಕರಿ ಉಳೀಲಿ ಅಂದ್ವಿ. ಹಗುರಾಗಿದ್ದು ಇದೊಂದ ಸಿಕ್ತು.”

ಸಾಹೇಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ವರದಿ ಬರೆದರು. ನಾನು ಬಗ್ಗಿ ಓದಿದೆ: ‘ನಿಯಮ ಪಾಲನೆ ಅತ್ಯಂತ ತೃಪ್ತಿಕರ. ಕುರಿಗಳ ಹಂತದಲ್ಲಿಯೇ ಆರಂಭವಾಗುತ್ತದೆ. ಇತರ ಸಂಘಗಳು ಅನುಸರಿಸಬಹುದು.’ ಅವರು ನಗಲಿಲ್ಲ. ಇವತ್ತಿಗೂ ನನಗೆ ಅವರ ಬಗ್ಗೆ ಅನುಮಾನವಿದೆ.

ಆರ್ಡರ್ ಬಂತು. ಗೋದಾಮು ಖಾಲಿಯಾಯಿತು. ನನ್ನ ನೌಕರಿ ಖಾಯಂ ಮಾಡುವ ಹುಕುಮನ್ನು ನಾನೇ ಬರೆದು ಅಧ್ಯಕ್ಷರ ಮುಂದೆ ಇಟ್ಟೆ. ಕಾಕಾ ಹೆಬ್ಬೆಟ್ಟು ಒತ್ತಿದರು. ಅಷ್ಟಕ್ಕೆ ಬಿಡದೆ ಮರದ ಶಿಕ್ಕಾ ಎತ್ತಿಕೊಂಡರು.

“ಕಾಕಾ, ಕಾಗದಕ್ಕೆ ಬೇಡ. ಮೂರನೆಯ ನಿಯಮ. ಸದಸ್ಯರು ತಯಾರಿಸಿದ ಮಾಲಿಗೆ ಮಾತ್ರ.”

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಿಂದೆ ಪೇಂಟರನ ಟಗರನ್ನೂ ಹಾಗೇ ನೋಡಿದ್ದರು.

“ಬಂದಾಗ ಬರೇ ಬಿ.ಎ. ಇದ್ರಿ. ಈ ಸೆಕ್ರೆಟ್ರಿನ್ನ ತಯಾರ ಮಾಡಿದ್ದು ಯಾರು?”

ಎಂದವರೇ ಹುಕುಮಿನ ಮೇಲೆ ಟಪ್ಪನೆ ಶಿಕ್ಕಾ ಹೊಡೆದರು.