ಭಾವನವರು ಕಂಪ್ಯೂಟರಿನ ಮೈ ಮುಟ್ಟಿ ನೋಡಿದ್ದು

ನನ್ನ ಭಾವನವರು ಯಂತ್ರದ ಮಾತನ್ನು ನಂಬುವುದಿಲ್ಲ. ಇದರಲ್ಲೇನು ವಿಶೇಷ, ನಾವೂ ನಂಬುವುದಿಲ್ಲ ಎನ್ನುವವರು ಒಂದು ಕ್ಷಣ ತಾಳಬೇಕು! ಯಂತ್ರವೊಂದು ತನ್ನ ಮೈಶಾಖ ಇಷ್ಟು ಎಂದು ತಾನೇ ಹೇಳಿಕೊಂಡರೆ, ಅದರ ಹೊಟ್ಟೆ ಬಿಚ್ಚಿ, ಬೆರಳಿಟ್ಟು ನೋಡಿ, ಸುಳ್ಳೆಂದು ತೀರ್ಪು ಕೊಟ್ಟು, ಆ ತೀರ್ಪನ್ನು ಅದರ ಬಾಯಿಂದಲೇ ಹೇಳಿಸಿದ ಇನ್ನೊಬ್ಬ ಮನುಷ್ಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಸಿಕ್ಕರೆ ನನಗೆ ತಿಳಿಸಿ. ಅವರ ವಿಷಯವಾಗಿ ಊರು ಹೇಳುವ ಕತೆಗಳಲ್ಲಿ ಅರ್ಧವನ್ನು ನಾನು ಒಪ್ಪುವುದಿಲ್ಲ. ಉಳಿದರ್ಧಕ್ಕೆ ನಾನೇ ಸಾಕ್ಷಿ.

ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಚನ್ನಪಟ್ಟಣದಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುತ್ತ ಓದು ಕಲಿತೆ. ಅರವತ್ತು ದಾಟಿದ ಮೇಲೆ ಕಂಪ್ಯೂಟರನ್ನೂ ಕಲಿತೆ. ಯಾರೋ ಹೇಳಿದರೆಂದು ಯಾವುದನ್ನೂ ಒಪ್ಪಿಕೊಳ್ಳದಿರುವುದು ನನ್ನ ಹಳೆಯ ಕಾಯಿಲೆ. ಭಾವನವರದು ಅದೇ ಕಾಯಿಲೆಯ ಉಲ್ಬಣಾವಸ್ಥೆ.

ಅವರು ರಾಮನಗರದಲ್ಲಿ ಮೂವತ್ತೈದು ವರ್ಷ ರೇಷ್ಮೆಗೂಡಿನಿಂದ ನೂಲು ತೆಗೆದವರು. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಅದರೊಳಗೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ನೀರಿನ ಹದ ಬೆರಳಿಗೆ ಮಾತ್ರ ಗೊತ್ತು. ಥರ್ಮಾಮೀಟರು ಇಟ್ಟುಕೊಂಡು ನೂಲು ತೆಗೆಯುವ ರೀಲರನನ್ನು ಕಂಡರೆ ಅವರಿಗೆ ಕನಿಕರ. "ಬೆರಳು ಇಲ್ದೋನು ಗಾಜು ಮಡಗ್ತಾನೆ ಕಣ್ಲಾ ಬಾಮೈದ" ಎನ್ನುತ್ತಿದ್ದರು.

ನಾಲ್ಕು ವರ್ಷಗಳ ಹಿಂದೆ ನನ್ನ ಅಕ್ಕನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು. ಅಲುಗುವುದೂ ಇಲ್ಲ, ಚಿವುಟಿದರೆ ತಿಳಿಯುವುದೂ ಇಲ್ಲ. ಭಾವನವರು ಬೇಸಿನ್ನು, ರಾಟೆ ಎಲ್ಲವನ್ನೂ ಮಾರಿ ಮನೆಯಲ್ಲಿ ಕೂತರು. ಅಕ್ಕನಿಗೆ ಉಣಿಸುವುದು, ಮೀಯಿಸುವುದು, ಸೀರೆ ಸುತ್ತುವುದು ಎಲ್ಲವೂ ಅವರೇ. ಆಳು ಇಡೋಣವೆಂದರೆ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬೀಳುತ್ತಿದ್ದರು.

ಆದರೂ ಕೂತ ಮನುಷ್ಯನಿಗೆ ಏನಾದರೂ ಬೇಕಲ್ಲವೇ? ಹಾರೋಹಳ್ಳಿ ಕಡೆಯ ಯಾವುದೋ ಕಾರ್ಖಾನೆ ಬಿಸಾಡಿದ ಕಂಪ್ಯೂಟರೊಂದನ್ನು ಗುಜರಿ ಅಂಗಡಿಯಿಂದ ತಂದು, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟೆ. ಹಳೆಯ ಯಂತ್ರ, ಕಾದು ಕೆಟ್ಟೀತೆಂದು, ಮದರ್‌ಬೋರ್ಡಿನ ಮೇಲಿರುವ, ಶಾಖ ಮತ್ತು ವೋಲ್ಟು ಅಳೆಯುವ ಸೆನ್ಸರುಗಳ ಅಂಕಿಗಳನ್ನು ಓದುವುದನ್ನೂ ಕಲಿಸಿದೆ. ಕಲಿಸಬಾರದಿತ್ತು.

ಮೊದಲ ದಿನವೇ ಪರದೆಯ ಮೇಲೆ ಒಂದು ಸಾಲು ನೂರ ಇಪ್ಪತ್ತೇಳು ಡಿಗ್ರಿ ಎಂದಿತು.

"ಈ ಶಾಖಕ್ಕೆ ಗೂಡು ಬೇಯೋದಲ್ಲ, ಬೇಯ್ಸೋನೂ ಬೆಂದೋಯ್ತಾನೆ!" ಎಂದು ಭಾವನವರು ಎದ್ದು ನಿಂತರು.

"ಅಲ್ಲಿ ಸೆನ್ಸರೇ ಇಲ್ಲ ಭಾವ. ಇಲ್ಲದ ಕಡೆಯಿಂದ ಹಾಗೆ ಬರುತ್ತೆ" ಎಂದೆ.

"ಇಲ್ದಿದ್ರೆ ಸುಮ್ಕಿರಬೇಕಪ್ಪ! ಬಾಯಿಗೆ ಬಂದದ್ದು ಹೇಳೋದಾ?"

ಇನ್ನೊಂದು ಸಾಲು ಹನ್ನೆರಡು ವೋಲ್ಟನ್ನು ಮೂರು ಎಂದು ತೋರಿಸುತ್ತಿತ್ತು. ಅಳೆಯುವ ಪುಟ್ಟ ಚಿಪ್‌ಗೆ ದೊಡ್ಡ ವೋಲ್ಟೇಜು ತಡೆಯಲಾಗದು. ಬೋರ್ಡು ಅದನ್ನು ಭಾಗಿಸಿ ಕೊಡುತ್ತದೆ. ನಾವು ಮತ್ತೆ ಗುಣಿಸಿಕೊಳ್ಳಬೇಕು. ಎಷ್ಟರಿಂದ ಎಂಬುದನ್ನು ತಯಾರಿಸಿದವರು ಹೇಳುವುದಿಲ್ಲ ಎಂದು ವಿವರಿಸಿದೆ. ಭಾವನವರು ನನ್ನನ್ನೇ ದಿಟ್ಟಿಸಿದರು. "ಅಂದ್ರೆ ಇವನು ಕಾಲುಭಾಗ ಹೇಳ್ತಾನೆ, ಮಿಕ್ಕಿದ್ದು ನಾವೇ ಊಹೆ ಮಾಡ್ಕಬೇಕು. ಥೇಟ್ ನಿಮ್ಮ ಮನೆ ಕಡೆಯೋರು ಕಣ್ಲಾ!"

ನನ್ನ ಮೀಟರು ಹಿಡಿದು ವೋಲ್ಟುಗಳನ್ನು ಸರಿಪಡಿಸಿದೆವು. ಶಾಖದ ವಿಷಯಕ್ಕೆ ಮಾತ್ರ ಅವರು ಯಾವ ಉಪಕರಣವನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಲಿನಕ್ಸಿನಲ್ಲೊಂದು ಸೌಕರ್ಯವಿದೆ: ಸೆನ್ಸರಿನ ಅಂಕಿ ಒಪ್ಪಿಗೆಯಾಗದಿದ್ದರೆ, ಬಂದದ್ದರಿಂದ ಇಷ್ಟು ಕಳೆ ಎಂದು ಒಂದು ಕಡತದಲ್ಲಿ ಬರೆದಿಡಬಹುದು. ಆಮೇಲೆ ಪರದೆ ಕಳೆದ ಅಂಕಿಯನ್ನೇ ತೋರಿಸುತ್ತದೆ. ಪಕ್ಕದಲ್ಲಿ ಟಿಪ್ಪಣಿಯನ್ನೂ ಬರೆಯಬಹುದು. ಯಂತ್ರ ಅದನ್ನು ಓದುವುದಿಲ್ಲ. ಭಾವನವರು ದಿನವೂ ಪೂಜೆ ಮುಗಿಸಿ, ಪ್ರೊಸೆಸರಿನ ಮೇಲಿನ ಲೋಹಕ್ಕೆ ತೋರುಬೆರಳು ಒತ್ತಿ, ಕಣ್ಣು ಮುಚ್ಚಿ, ಅಂಕಿ ನುಡಿಯುತ್ತಿದ್ದರು. ನುಡಿದದ್ದೇ ಪ್ರಮಾಣ.

"ನೋಡ್ಲಾ ತಮ್ಮ, ನಂಗೆ ಮೈ ಬಿಸಿ ಆದ್ರೆ ಮಾತ್ರೆ ನುಂಗು ಅಂತಾರೆ. ಅದರ ಮೈ ಮಾತ್ರ ದಿನಾ ಮುಟ್ಟಿ ನೋಡ್ತಾರೆ" ಎಂದು ಅಕ್ಕ ಮಲಗಿದಲ್ಲಿಂದ ತೊದಲುತ್ತ ದೂರಿದಳು.

"ನೀನು ನಿಜ ಹೇಳ್ತೀಯ ಕಣೆ. ಅದು ಹೇಳಕಿಲ್ಲ" ಎಂದರು ಭಾವನವರು.

ಊರೇನು ಸುಮ್ಮನಿರುತ್ತದೆಯೇ? ಹೆಂಡತಿ ಬಿದ್ದ ಮೇಲೆ ತಲೆ ಕೆಟ್ಟಿತು ಎಂದಿತು. ಆರೋಗ್ಯ ಕೇಂದ್ರದ ಪ್ರಸಂಗವೇ ಅದಕ್ಕೆ ಸಾಕ್ಷಿಯಂತೆ. ಅಲ್ಲಿನ ಸಿಸ್ಟರು ಇವರ ಹಣೆಗೆ ಶಾಖ ಅಳೆಯುವ ಗನ್ನು ಹಿಡಿದರು. ಮೂವತ್ತೆರಡು ಬಂತು. "ಹಂಗಾರೆ ನಾನು ಸತ್ತು ಎಷ್ಟೊತ್ತಾಯ್ತು, ಅದನ್ನೂ ನೋಡಿ ಹೇಳವ್ವ" ಎಂದರಂತೆ. ಇದು ಹುಚ್ಚೇ? ಆ ಕೊಠಡಿಯಲ್ಲಿ ಬುದ್ಧಿ ನೆಟ್ಟಗಿದ್ದವರು ಅವರೊಬ್ಬರೇ ಎಂದು ನನ್ನ ವಾದ!

ಈ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಫೋನು ಬಂತು. ಹೋಗಿ ನೋಡಿದರೆ ಅಕ್ಕನ ಬಲತೊಡೆಗೆ ಸೊಂಟದಿಂದ ಮೊಣಕಾಲಿನವರೆಗೆ ಬ್ಯಾಂಡೇಜು. ಮೀಯಿಸುವಾಗ ಬಿಸಿನೀರು ಬಿದ್ದು ಚರ್ಮ ಸುಲಿದಿತ್ತು. ಅವಳು ಕೂಗಲಿಲ್ಲ, ಸುಟ್ಟದ್ದು ಅವಳಿಗೆ ತಿಳಿಯಲೇ ಇಲ್ಲ. ಒರೆಸುವಾಗ ಟವೆಲಿಗೆ ಅಂಟಿದ್ದನ್ನು ಕಂಡು ಕೂಗಿದವರು ಭಾವನವರು.

ಜಗುಲಿಯ ಮೇಲೆ ಗೀಸರು ಭಾಗ ಭಾಗವಾಗಿ ಬಿದ್ದಿತ್ತು. "ಗೀಸರ್ ಸುಳ್ಳು ಹೇಳ್ಬುಡ್ತು ಕಣ್ಲಾ" ಎಂದರು. ಬಂದುಹೋದ ನೆಂಟರೂ ಅದನ್ನೇ ಹೇಳಿದರು.

"ನೀರು ಮುಟ್ಟಿ ನೋಡಲಿಲ್ಲವಾ ಭಾವ?"

"ಮುಟ್ದೆ. ಬೆಚ್ಚಗಿತ್ತು."

ನಾನು ಗೀಸರನ್ನು ಜೋಡಿಸಿದೆ. ಅಕ್ಕೂರಿನ ಪರಿಚಿತರೊಬ್ಬರ ರೇಷ್ಮೆ ಹುಳುಮನೆಯಿಂದ ಥರ್ಮಾಮೀಟರು ತಂದು ನೀರು ಅಳೆದೆ. ಗೀಸರನ್ನು ಎಷ್ಟಕ್ಕೆ ತಿರುಗಿಸಿದ್ದರೋ ಅಷ್ಟೇ ಇತ್ತು. ಗೀಸರು ಸುಳ್ಳು ಹೇಳಿರಲಿಲ್ಲ. ಕಂಪ್ಯೂಟರು ಹಾಕಿ ಆ ಕಡತ ತೆರೆದೆ. ಭಾವನವರ ಟಿಪ್ಪಣಿಗಳು ಒಂದರ ಕೆಳಗೊಂದು ಇದ್ದವು.

ಯುಗಾದಿ: ಬೆರಳಿಗೆ ನಲವತ್ತೈದು, ಇವನು ನಲವತ್ತೆಂಟು ಅಂತಾನೆ. ಮೂರು ಕಳೆ.

ಗೌರಿ ಹಬ್ಬ: ಸುಳ್ಳು ಜಾಸ್ತಿ ಆಗೈತೆ. ಏಳು ಕಳೆ.

ದೀಪಾವಳಿ: ಹನ್ನೆರಡು ಕಳೆ.

ಸಂಕ್ರಾಂತಿ: ಹತ್ತೊಂಬತ್ತು. ಇವನು ಕೆಟ್ಟ.

ಕಳೆಯುವ ಸಾಲನ್ನು ತೆಗೆದು, ಥರ್ಮಾಮೀಟರಿನ ಬುರುಡೆಯನ್ನು ಲೋಹಕ್ಕೆ ತಾಗಿಸಿ ಹತ್ತು ನಿಮಿಷ ಹಿಡಿದೆ. ಯಂತ್ರ ಹೇಳುವುದಕ್ಕೂ ಗಾಜು ಹೇಳುವುದಕ್ಕೂ ಇದ್ದ ಅಂತರ ಮೂರು ಡಿಗ್ರಿ. ಯುಗಾದಿಯ ತೀರ್ಪು ಅಕ್ಷರಶಃ ಸರಿಯಾಗಿತ್ತು! ಅಲ್ಲಿಂದಾಚೆಗೆ ಯಂತ್ರ ಇದ್ದಲ್ಲೇ ಇತ್ತು. ಸ್ನಾನದ ನೀರಿಗೆ ಬೆರೆಸುವ ತಣ್ಣೀರು ಹಬ್ಬಕ್ಕೊಂದು ಚೊಂಬು ಕಡಿಮೆಯಾಗುತ್ತ ಬಂದಿರಬೇಕು.

"ನಿಮ್ಮ ಬೆರಳು ತೋರಿಸಿ" ಎಂದೆ. ತೋರುಬೆರಳ ತುದಿಯಲ್ಲಿ ಬೊಬ್ಬೆಯೊಡೆದು ಕಪ್ಪಾಗಿತ್ತು. ಇದು ಯಾವಾಗ ಆಯಿತೆಂದರೆ ಅವರಿಗೇ ಗೊತ್ತಿಲ್ಲ.

ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಿದೆ. ಓದದೆ ಇರಬಹುದಿತ್ತು, ಕಂಡದ್ದನ್ನು ಹೇಳದೆ ಬಿಡುವ ಅಭ್ಯಾಸ ನನಗಿಲ್ಲ.

"ಅದು ಹಳೇದಾಯ್ತಾ ಬಂತು ಅಂದ್ಕಂಡೆ" ಎಂದರು.

"ಬೆರಳಿನ ಮೇಲೆ ಅನುಮಾನ ಬರಲಿಲ್ಲವಾ?"

"ಬೆರಳು ನಂದು ಕಣ್ಲಾ."

ಸಕ್ಕರೆ ಕಾಯಿಲೆಯಿಂದ ನರ ಸತ್ತಿದೆ ಎಂದರು ವೈದ್ಯರು. ಅಲ್ಲ, ಮೂವತ್ತೈದು ವರ್ಷದ ಬೇಸಿನ್ ನೀರು ಎಂದರು ಹಳೆಯ ರೀಲರುಗಳು. ಎರಡನ್ನೂ ನಾನು ಪೂರ್ತಿ ಒಪ್ಪಿಲ್ಲ. ಭಾವನವರಂತೂ ವಾದಿಸಲೇ ಇಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವರು ಅಕ್ಕನ ಹಾಸಿಗೆಯಿಂದ ಎರಡು ಮಾರು ದೂರದಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು.

ಮತ್ತೆ ಮೀಯಿಸಬಹುದೆಂದು ವೈದ್ಯರು ಹೇಳಿದ ದಿನ, "ಆಳು ನೋಡ್ಲಾ. ನಾನಿನ್ನು ನೀರು ಮುಟ್ಟಕಿಲ್ಲ" ಎಂದರು.

"ಬೇರೆಯೋರ ಕೈಲಿ ಮೀಯಾಕಿಲ್ಲ" ಎಂದಳು ಅಕ್ಕ.

"ಇನ್ನೊಂದು ದಪ ಸುಟ್ರೆ?"

"ಬಕೀಟು ಎಡಗಡೆಗೆ ಮಡಗಿ. ಈ ಕೈ ಸತ್ತಿಲ್ಲ."

ಅಂದು ನಾನು ಬಚ್ಚಲಮನೆಯ ಹೊರಗೆ ಟವೆಲು ಹಿಡಿದು ನಿಂತಿದ್ದೆ. ಒಳಗೆ ಬಕೆಟ್ಟು ಎಳೆದ ಸದ್ದಾಯಿತು. ನಲ್ಲಿ ಬಿಟ್ಟು ನಿಲ್ಲಿಸಿದರು. ಅಕ್ಕನ ಎಡಗೈ ಬಳೆ ಬಕೆಟ್ಟಿಗೆ ತಗುಲಿದ ಸದ್ದಾಯಿತು.

"ಇನ್ನೊಂದು ಚೊಂಬು ತಣ್ಣೀರು" ಎಂದಳು ಅಕ್ಕ.

ಸುರಿದ ಸದ್ದು.

"ಒಸಿ ತಡೀರಿ. ಇನ್ನೂ ಒಂದು."

"ಈಗ?"

"ನಿಮ್ಮ ಕೈ ನೀರಿಂದ ಆಚೆಗೆ ತೆಗೀರಿ ಮೊದ್ಲು" ಎಂದಳು ಅಕ್ಕ. "ಇನ್ನೂ ಸುಡ್ತಾ ಐತೆ."